ಪೆನಿಸಿಲಿನ್ ಕೊಟ್ಟ ಮೇಲೆ ಏರಿದ ಜ್ವರ: ಬ್ರಹ್ಮಾವರ ಕಡೆಯ ಒಂದು ಇಲಿಜ್ವರ ಪ್ರಕರಣ

ಉಡುಪಿ ಜಿಲ್ಲೆಯ ಬ್ರಹ್ಮಾವರ ಕಡೆಯ 42 ವರ್ಷದ ಕೃಷಿಕರೊಬ್ಬರನ್ನು ಜುಲೈ ತಿಂಗಳಲ್ಲಿ, ಜ್ವರದ ಐದನೇ ದಿನ, ನಮ್ಮ ವಾರ್ಡಿಗೆ ಸೇರಿಸಿದರು. ಇಲಿಜ್ವರ ಎಂಬ ಬಲವಾದ ಅನುಮಾನದ ಮೇಲೆ ಬೆಳಿಗ್ಗೆ 11ಕ್ಕೆ ಮೊದಲ ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟೆವು. ಮಧ್ಯಾಹ್ನ ಮೂರಾಗುವ ಮೊದಲೇ ಅವರು ಹಲ್ಲು ಕಡಿಯುವಷ್ಟು ನಡುಗತೊಡಗಿದರು. ಜ್ವರ 104 ಡಿಗ್ರಿ ಮುಟ್ಟಿತು, ಬಿಪಿ 86/54ಕ್ಕೆ ಇಳಿಯಿತು. ಸಂಜೆ ಐದಕ್ಕೆ ಎರಡನೇ ಡೋಸ್ ಕೊಡಬೇಕಿತ್ತು. ಕೊಡಬೇಕೋ, ನಿಲ್ಲಿಸಬೇಕೋ?

ಈ ಪ್ರಶ್ನೆಗೆ ಉತ್ತರ ಇರುವುದು ಜೀವಕೋಶದ ಒಳಗಿನ ಸಂಕೇತ ಮಾರ್ಗಗಳಲ್ಲಿ. ರೋಗಾಣುವನ್ನು ಕೋಶ ಗುರುತಿಸುವುದು ಹೇಗೆ, ಆ ಸುದ್ದಿ ನ್ಯೂಕ್ಲಿಯಸ್ ತನಕ ಹೋಗುವುದು ಹೇಗೆ, ಕೊನೆಗೆ ಅದು ಆರುವುದು ಹೇಗೆ ಎಂಬುದನ್ನೆಲ್ಲ ವೈದ್ಯಕೀಯ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿ ಮರೆಯುತ್ತಾರೆ. ರೋಗಿಯ ಮಂಚದ ಪಕ್ಕದಲ್ಲಿ ನಿಂತು ತೆಗೆದುಕೊಳ್ಳುವ ತೀರ್ಮಾನಕ್ಕೆ ಇದೇ ಆಧಾರ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹಾಗಾಗಿ ಈ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ರೋಗಿಯ ಗುರುತು ಸಿಗಬಾರದೆಂದು ಒಂದಕ್ಕಿಂತ ಹೆಚ್ಚು ರೋಗಿಗಳ ವಿವರಗಳನ್ನು ಇಲ್ಲಿ ಒಂದಾಗಿ ಸೇರಿಸಿದ್ದೇನೆ.

ಬಂದಾಗ ಇದ್ದ ಸ್ಥಿತಿ

ಅವರದ್ದು ಒಂದಿಷ್ಟು ಬೈಲುಗದ್ದೆ, ಹಟ್ಟಿಯಲ್ಲಿ ಎರಡು ದನ, ಮನೆಯ ಹಿಂದೆ ಅಡಿಕೆ ತೋಟ. ಮಳೆಗಾಲದ ಏಣೆಲು ಬೆಳೆಗೆ ನೇಜಿ (ಭತ್ತದ ಸಸಿ) ನೆಡುವ ಕೆಲಸದಲ್ಲಿ ಹತ್ತು ಹನ್ನೆರಡು ದಿನ ಬರಿಗಾಲಲ್ಲಿ ಕೆಸರಿನಲ್ಲೇ ಇದ್ದವರು. ಹಿಮ್ಮಡಿ ಒಡೆದಿತ್ತು. ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಇಲಿಯ ಮೂತ್ರದಲ್ಲಿ ಹೊರಬಂದು ನಿಂತ ನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ದನ, ನಾಯಿ, ಹಂದಿಗಳ ಮೂತ್ರದಲ್ಲೂ ಅದು ಬರುತ್ತದೆ. ಒಡೆದ ಹಿಮ್ಮಡಿ ಅದಕ್ಕೆ ಸಾಕಾದಷ್ಟು ದೊಡ್ಡ ದಾರಿ.

ಮೊದಲೆರಡು ದಿನ ಮೆಡಿಕಲ್‌ನಿಂದ ತಂದ ಜ್ವರದ ಮಾತ್ರೆ ನುಂಗಿ ಗದ್ದೆಗೆ ಹೋಗಿದ್ದರು. ಮೂರನೇ ದಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಡೆಂಗಿ, ಮಲೇರಿಯಾ ಪರೀಕ್ಷೆ ಮಾಡಿಸಿದ್ದರು. ನಮ್ಮ ಕಡೆ ಮಳೆಗಾಲದ ಜ್ವರಕ್ಕೆ ಮೊದಲು ಇವೆರಡನ್ನು ನೋಡುವುದು ಸರಿಯೇ. ಎರಡೂ ಇಲ್ಲ ಎಂದು ಬಂತು. ಮೈಕೈ ನೋವು ತಡೆಯಲಾಗದೆ ಅಂದು ರಾತ್ರಿಯಿಂದ ಡೈಕ್ಲೊಫೆನಾಕ್ ತೆಗೆದುಕೊಳ್ಳತೊಡಗಿದರು. ಐದನೇ ದಿನ ಕಣ್ಣು ಹಳದಿಯಾದದ್ದನ್ನು ಹೆಂಡತಿ ಕಂಡು, ಕಾಮಾಲೆಗೆ ಹಳ್ಳಿಮದ್ದು ಮಾಡಿಸೋಣ ಎಂದ ನೆರೆಮನೆಯವರ ಮಾತು ಕೇಳದೆ ಆಟೋ ಹಿಡಿದು ಕರೆತಂದರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಒಳ್ಳೆಯ ತೀರ್ಮಾನ ಆಕೆಯದ್ದು.

ಬಂದಾಗ ಜ್ವರ 102.4, ನಾಡಿ 112, ಬಿಪಿ 108/70. ಎರಡೂ ಕಣ್ಣು ಕೆಂಪು, ಆದರೆ ಪಿಸರು ಇಲ್ಲ. ಮೀನಖಂಡ ಮುಟ್ಟಿದರೆ ಕೂಗುತ್ತಿದ್ದರು. ಕಾಮಾಲೆ, ಕೆಂಪು ಕಣ್ಣು, ಮೀನಖಂಡದ ನೋವು, ಕೆಸರಿನ ಕೆಲಸ ಈ ನಾಲ್ಕು ಕೂಡಿದಾಗ ಕರಾವಳಿಯ ಯಾವ ವೈದ್ಯರೂ ರಿಪೋರ್ಟ್ ಬರುವ ತನಕ ಕಾಯುವುದಿಲ್ಲ, ಕಾಯಲೂಬಾರದು. ರಕ್ತ ತೆಗೆದಿಟ್ಟು ಪೆನಿಸಿಲಿನ್ ಶುರು ಮಾಡಿದೆವು, ಆರು ಗಂಟೆಗೊಮ್ಮೆ 15 ಲಕ್ಷ ಯೂನಿಟ್.

ರಕ್ತದಲ್ಲಿ ಬಿಳಿಕಣ 13,800, ಅದರಲ್ಲಿ ನ್ಯೂಟ್ರೊಫಿಲ್ ಶೇ. 86. ಪ್ಲೇಟ್‌ಲೆಟ್ 78,000. ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್ 2.4, ಪೊಟ್ಯಾಸಿಯಂ 3.1. ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ 4.6, ಆದರೆ ಯಕೃತ್ತಿನ ಎಂಜೈಮುಗಳು 70ರ ಆಸುಪಾಸಿನಲ್ಲಷ್ಟೇ. ಉರಿಯೂತ ಎಷ್ಟಿದೆ ಎಂದು ತೋರಿಸುವ ಸಿಆರ್‌ಪಿ 168. ಲೆಪ್ಟೊಸ್ಪೈರಾ ಐಜಿಎಂ ಪರೀಕ್ಷೆ ನೆಗೆಟಿವ್. ಐದನೇ ದಿನಕ್ಕೆ ಅದು ನೆಗೆಟಿವ್ ಬಂದರೆ ಆಶ್ಚರ್ಯವಿಲ್ಲ. ಪ್ರತಿಕಾಯಗಳು ತಯಾರಾಗಿ ಪರೀಕ್ಷೆಗೆ ಸಿಗುವಷ್ಟಾಗಲು ಸಾಮಾನ್ಯವಾಗಿ ಐದರಿಂದ ಏಳು ದಿನ ಬೇಕು, ಕೆಲವರಲ್ಲಿ ಇನ್ನೂ ತಡ. ಅಷ್ಟು ದಿನ ದೇಹ ಹೋರಾಡುವುದು ಹುಟ್ಟಿನಿಂದಲೇ ಬಂದ ಸಹಜ ಪ್ರತಿರೋಧದ ಬಲದಿಂದ. ಈ ರೋಗಿಯ ಕಥೆಯ ಮುಖ್ಯ ಭಾಗವೆಲ್ಲ ನಡೆದದ್ದು ಆ ದಿನಗಳಲ್ಲೇ.

ಸುದ್ದಿ ತಡವಾಗಿ ಮುಟ್ಟಿದ್ದೇಕೆ

ಸಹಜ ಪ್ರತಿರೋಧದ ಕೋಶಗಳಿಗೆ ಒಂದೊಂದು ರೋಗಾಣುವಿನ ಪರಿಚಯ ಬೇರೆ ಬೇರೆಯಾಗಿ ಇರುವುದಿಲ್ಲ. ರೋಗಾಣುಗಳಲ್ಲಿ ಸಾಮಾನ್ಯವಾಗಿರುವ, ನಮ್ಮ ದೇಹದಲ್ಲಿ ಇಲ್ಲದ ಕೆಲವು ಅಣುವಿನ್ಯಾಸಗಳನ್ನು ಅವು ಗುರುತಿಸುತ್ತವೆ. ಹೀಗೆ ಇರಲೇಬೇಕು ಎಂದು 1989ರಲ್ಲಿ ಚಾರ್ಲ್ಸ್ ಜೇನ್‌ವೇ ತರ್ಕದಿಂದಲೇ ಹೇಳಿದ್ದರು. 1996ರಲ್ಲಿ ಜೂಲ್ಸ್ ಹಾಫ್‌ಮನ್ ಅವರ ತಂಡ ಹಣ್ಣಿನ ನೊಣದಲ್ಲಿ ಟೋಲ್ ಎಂಬ ಜೀನ್ ಇಲ್ಲದಿದ್ದರೆ ಅದು ಶಿಲೀಂಧ್ರಕ್ಕೆ ಬಲಿಯಾಗುತ್ತದೆ ಎಂದು ತೋರಿಸಿತು. ಮರುವರ್ಷ ಮೆಡ್ಜಿಟೋವ್ ಮತ್ತು ಜೇನ್‌ವೇ ಮನುಷ್ಯರಲ್ಲೂ ಅಂಥ ಗ್ರಾಹಕ, ಅಂದರೆ ಅಣುವನ್ನು ಹಿಡಿದು ಕೋಶದೊಳಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನ್, ಇದೆಯೆಂದು ಕಂಡರು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ, ಬ್ಯಾಕ್ಟೀರಿಯಾದ ಹೊರಪೊರೆಯ ಲಿಪೊಪಾಲಿಸ್ಯಾಕರೈಡನ್ನು ಗುರುತಿಸುವುದು ಟಿಎಲ್‌ಆರ್4 ಎಂಬ ಟೋಲ್ ಮಾದರಿಯ ಗ್ರಾಹಕ ಎಂದು ಪತ್ತೆಹಚ್ಚಿತು. 2011ರ ನೊಬೆಲ್‌ನಲ್ಲಿ ಹಾಫ್‌ಮನ್ ಮತ್ತು ಬಾಯ್ಟ್ಲರ್ ಪಾಲುದಾರರಾದರು. ಮನುಷ್ಯರಲ್ಲಿ ಇಂಥ ಹತ್ತು ಗ್ರಾಹಕಗಳಿವೆ.

ಮೂತ್ರದ ಸೋಂಕಿಗೆ ಕಾರಣವಾಗುವ ಇ. ಕೋಲೈ ರಕ್ತಕ್ಕೆ ಇಳಿದರೆ ಟಿಎಲ್‌ಆರ್4 ಅದರ ಲಿಪೊಪಾಲಿಸ್ಯಾಕರೈಡನ್ನು ಅತ್ಯಲ್ಪ ಪ್ರಮಾಣದಲ್ಲೂ ಹಿಡಿಯುತ್ತದೆ. ಕೆಲವೇ ಗಂಟೆಗಳಲ್ಲಿ ಜ್ವರ, ನಡುಕ. ಲೆಪ್ಟೊಸ್ಪೈರಾದ ಹೊರಪೊರೆಯಲ್ಲೂ ಲಿಪೊಪಾಲಿಸ್ಯಾಕರೈಡ್ ಇದೆ. ಆದರೆ ಅದರ ಲಿಪಿಡ್-ಎ ಭಾಗದ ರಚನೆ ಬೇರೆ: ಇರಬೇಕಾದ ಎರಡು ಫಾಸ್ಫೇಟುಗಳಲ್ಲಿ ಒಂದು ಇಲ್ಲ, ಇನ್ನೊಂದಕ್ಕೆ ಮೀಥೈಲ್ ಗುಂಪು ಅಂಟಿಕೊಂಡಿದೆ. ಮನುಷ್ಯರ ಟಿಎಲ್‌ಆರ್4 ಇದನ್ನು ಗುರುತಿಸುವುದೇ ಇಲ್ಲ. ಇಲ್ಲಿ ಒಂದು ವಿಚಿತ್ರವಿದೆ, ನನಗೆ ಇದು ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ಸುಂಡಿಲಿಯ ಟಿಎಲ್‌ಆರ್4 ಅದೇ ಅಣುವನ್ನು ಗುರುತಿಸುತ್ತದೆ. ಬೆಳೆದ ಸುಂಡಿಲಿಗೆ ಲೆಪ್ಟೊಸ್ಪೈರಾ ಕೊಟ್ಟರೆ ಅದು ಸಾಮಾನ್ಯವಾಗಿ ಸಾಯುವುದಿಲ್ಲ. ಟಿಎಲ್‌ಆರ್4 ಕೆಟ್ಟುಹೋದ ತಳಿಯ ಸುಂಡಿಲಿಗೆ ಕೊಟ್ಟರೆ ಕಾಯಿಲೆ ಉಲ್ಬಣಿಸುತ್ತದೆ. ಒಂದು ಗ್ರಾಹಕದ ಆಕಾರದಲ್ಲಿನ ಸಣ್ಣ ವ್ಯತ್ಯಾಸ ಗದ್ದೆಯ ಒಂದೇ ನೀರನ್ನು ಒಂದು ಜೀವಿಗೆ ನಿರಪಾಯ, ಇನ್ನೊಂದಕ್ಕೆ ಮಾರಕ ಮಾಡುತ್ತದೆ.

ಉಳಿದ ದಾರಿಗಳೂ ಅಷ್ಟಾಗಿ ತೆರೆದಿಲ್ಲ. ಬ್ಯಾಕ್ಟೀರಿಯಾದ ಚಲನೆಯ ಬಾಲವನ್ನು ಗುರುತಿಸುವ ಟಿಎಲ್‌ಆರ್5 ನಮ್ಮಲ್ಲಿದೆ. ಲೆಪ್ಟೊಸ್ಪೈರಾ ತನ್ನ ಬಾಲಗಳನ್ನು ಹೊರಪೊರೆಯ ಒಳಗೆ ಸುತ್ತಿಟ್ಟುಕೊಂಡಿದೆ, ಆ ಬಲದಿಂದಲೇ ಬೈರಿಗೆಯ ಹಾಗೆ ತಿರುಗುತ್ತ ಅಂಗಾಂಶ ಕೊರೆಯುತ್ತದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಬ್ಯಾಕ್ಟೀರಿಯಾಕ್ಕೆ ತೂತು ಕೊರೆದು ಕೊಲ್ಲಬಲ್ಲವು. ಆದರೆ ನಮ್ಮ ಕೋಶಗಳಿಗೆ ಅವುಗಳಿಂದ ಹಾನಿಯಾಗದಂತೆ ಕಾಯುವ ಫ್ಯಾಕ್ಟರ್-ಎಚ್ ಎಂಬ ಪ್ರೋಟೀನನ್ನು ಲೆಪ್ಟೊಸ್ಪೈರಾ ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಕಾಂಪ್ಲಿಮೆಂಟ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ಉಳಿಯುವುದು ಮುಖ್ಯವಾಗಿ ಟಿಎಲ್‌ಆರ್2. ಲೆಪ್ಟೊಸ್ಪೈರಾದ ಹೊರಪೊರೆಯ ಲಿಪೊಪ್ರೋಟೀನುಗಳ ಕೊಬ್ಬಿನ ಬಾಲವನ್ನು ಅದು ಹಿಡಿಯುತ್ತದೆ. ಅವುಗಳಲ್ಲಿ ಹೇರಳವಾಗಿರುವುದು ಲಿಪ್‌ಎಲ್32. ಇದರ ಲಿಪೊಪಾಲಿಸ್ಯಾಕರೈಡ್ ಕೂಡ ಮನುಷ್ಯರ ಕೋಶವನ್ನು ಎಚ್ಚರಿಸುವುದು ಟಿಎಲ್‌ಆರ್2 ಮೂಲಕ ಎಂದು 2001ರಲ್ಲಿ ತಿಳಿಯಿತು. ನಮ್ಮ ರೋಗಿ ಗದ್ದೆಗಿಳಿದ ದಿನಕ್ಕೂ ಜ್ವರ ಕಾಣಿಸಿದ ದಿನಕ್ಕೂ ಹೆಚ್ಚುಕಡಿಮೆ ಒಂದು ವಾರದ ಅಂತರ ಇತ್ತು. ಈ ರೋಗದಲ್ಲಿ ಆ ಅಂತರ ಸಾಮಾನ್ಯವಾಗಿ 5ರಿಂದ 14 ದಿನ. ಅತಿ ಸೂಕ್ಷ್ಮವಾದ ಗ್ರಾಹಕ ಸುಮ್ಮನಿರುವಾಗ ರೋಗಾಣು ರಕ್ತದಲ್ಲಿ ಹೆಚ್ಚುತ್ತ ಹೋಗುತ್ತದೆ. ಟಿಎಲ್‌ಆರ್2 ಗಟ್ಟಿಯಾಗಿ ಸ್ಪಂದಿಸುವ ಹೊತ್ತಿಗೆ ಅದರ ಸಂಖ್ಯೆ ಬೆಳೆದಿರುತ್ತದೆ.

ಪೊರೆಯಿಂದ ನ್ಯೂಕ್ಲಿಯಸ್ ತನಕ

ಇನ್ನು ಕೋಶದ ಒಳಕ್ಕೆ. ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶದ ಮೇಲ್ಮೈಯಲ್ಲಿ ಟಿಎಲ್‌ಆರ್2, ತನ್ನ ಜೊತೆಗಾರ ಟಿಎಲ್‌ಆರ್1 ಅಥವಾ ಟಿಎಲ್‌ಆರ್6ರೊಂದಿಗೆ ಕೂಡಿ ಲಿಪೊಪ್ರೋಟೀನನ್ನು ಹಿಡಿಯುತ್ತದೆ. ಹೊರಗೆ ಎರಡು ಗ್ರಾಹಕಗಳು ಹತ್ತಿರ ಬಂದರೆ ಪೊರೆಯ ಒಳಬದಿಯಲ್ಲಿ ಅವುಗಳ ಬಾಲಗಳೂ ಹತ್ತಿರ ಬರುತ್ತವೆ. ಆ ಜಾಗಕ್ಕೆ ಮೈಡಿ88 ಎಂಬ ಪ್ರೋಟೀನ್ ಬಂದು ಕೂರುತ್ತದೆ, ಅದರ ಮೇಲೆ ಐರಾಕ್4, ಐರಾಕ್1 ಎಂಬ ಕೈನೇಸುಗಳು. ಕೈನೇಸ್ ಅಂದರೆ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದರ ನಡತೆ ಬದಲಿಸುವ ಎಂಜೈಮ್. ಇವು ಟ್ರಾಫ್6 ಎಂಬ ಪ್ರೋಟೀನನ್ನು ಎಬ್ಬಿಸುತ್ತವೆ. ಟ್ರಾಫ್6 ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನುಗಳನ್ನು ಒಂದಕ್ಕೊಂದು ಜೋಡಿಸಿ ಸರಪಳಿ ಕಟ್ಟುತ್ತದೆ. ಸರಪಳಿಯ ಮೇಲೆ ಟ್ಯಾಕ್1, ಐಕೆಕೆ ಎಂಬ ಕೈನೇಸುಗಳು ಸೇರಿಕೊಂಡು ಸಕ್ರಿಯವಾಗುತ್ತವೆ.

ಎನ್‌ಎಫ್-ಕಪ್ಪಾ-ಬಿ ಎಂಬುದು ಜೀನುಗಳನ್ನು ಚಾಲೂ ಮಾಡುವ ಪ್ರೋಟೀನ್. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಪತ್ತೆಹಚ್ಚಿದರು. ಶಾಂತವಾಗಿರುವ ಕೋಶದಲ್ಲಿ ಇದು ನ್ಯೂಕ್ಲಿಯಸ್‌ನ ಹೊರಗೆ, ಐ-ಕಪ್ಪಾ-ಬಿ ಎಂಬ ತಡೆಪ್ರೋಟೀನಿಗೆ ಬಂಧಿಯಾಗಿ ಇರುತ್ತದೆ. ತೋಡಿಗೆ ಹಾಕಿದ ಕಟ್ಟದ ಹಲಗೆ ತೆಗೆದ ಕ್ಷಣ ನೀರು ನುಗ್ಗುವಂತೆಯೇ ಇಲ್ಲಿಯೂ: ನೀರು ಮೊದಲೇ ತುಂಬಿ ನಿಂತಿದೆ, ಬೇಕಾದದ್ದು ಹಲಗೆ ಕೀಳುವುದಷ್ಟೆ. ಐಕೆಕೆ ಆ ತಡೆಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ಕೂಡಲೇ ಅದಕ್ಕೆ ಯುಬಿಕ್ವಿಟಿನ್ ಸರಪಳಿ ಬೀಳುತ್ತದೆ, ಪ್ರೋಟಿಯಸೋಮ್ ಅದನ್ನು ಕತ್ತರಿಸಿ ಹಾಕುತ್ತದೆ. ಹೊಸದಾಗಿ ಏನನ್ನೂ ತಯಾರಿಸಬೇಕಿಲ್ಲವಾದ್ದರಿಂದ ಇದೆಲ್ಲ ನಿಮಿಷಗಳಲ್ಲಿ ನಡೆಯುತ್ತದೆ.

ಎರಡು ಕಡೆಯೂ ಯುಬಿಕ್ವಿಟಿನ್ ಸರಪಳಿಯೇ ಬಂತಲ್ಲ, ಒಂದರಿಂದ ಸಂಕೇತ ಮುಂದೆ ಹೋಗುತ್ತದೆ, ಇನ್ನೊಂದರಿಂದ ಪ್ರೋಟೀನ್ ನಾಶವಾಗುತ್ತದೆ, ಹೇಗೆ? ಯುಬಿಕ್ವಿಟಿನ್‌ನ 63ನೇ ಸ್ಥಾನದ ಲೈಸಿನ್ ಎಂಬ ಅಮೈನೊ ಆಮ್ಲದ ಮೂಲಕ ಕೊಂಡಿ ಹಾಕಿದರೆ ಅದು ಉಳಿದ ಪ್ರೋಟೀನುಗಳು ಬಂದು ಸೇರುವ ವೇದಿಕೆ. 48ನೇ ಲೈಸಿನ್ ಮೂಲಕ ಹಾಕಿದರೆ ಪ್ರೋಟಿಯಸೋಮ್‌ಗೆ ಒಪ್ಪಿಸುವ ಗುರುತು. ಹದಿನೈದು ಅಮೈನೊ ಆಮ್ಲಗಳಷ್ಟು ಆಚೀಚೆಯಲ್ಲಿ ಅರ್ಥವೇ ಬದಲಾಗುತ್ತದೆ.

ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ನ್ಯೂಕ್ಲಿಯಸ್ ಹೊಕ್ಕು, ಕೋಶದಿಂದ ಕೋಶಕ್ಕೆ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನುಗಳಾದ ಟಿಎನ್‌ಎಫ್, ಐಎಲ್-6, ಐಎಲ್-8 ಮತ್ತು ಐಎಲ್-1-ಬೀಟಾದ ಕಚ್ಚಾ ರೂಪದ ಜೀನುಗಳನ್ನು ಚಾಲೂ ಮಾಡುತ್ತದೆ. ಟ್ಯಾಕ್1 ಇನ್ನೊಂದು ಕವಲಿನಲ್ಲಿ ಪಿ38 ಎಂಬ ಕೈನೇಸನ್ನೂ ಎಬ್ಬಿಸುತ್ತದೆ. ಟಿಎನ್‌ಎಫ್‌ನ ಎಂಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸಲು ಬಳಸುವ ಜೀನಿನ ನಕಲು, ಸ್ವಭಾವತಃ ಅಲ್ಪಾಯುಷಿ. ಪಿ38 ಕೆಲಸ ಮಾಡುವಷ್ಟು ಹೊತ್ತು ಅದು ಒಡೆಯದೆ ಉಳಿಯುತ್ತದೆ, ಟಿಎನ್‌ಎಫ್ ರಾಶಿ ಬೀಳುತ್ತದೆ.

ಟಿಎಲ್‌ಆರ್4 ಆಗಿದ್ದರೆ ಮೈಡಿ88 ಅಲ್ಲದೆ ಟ್ರಿಫ್ ಎಂಬ ಇನ್ನೊಂದು ದಾರಿಯೂ ತೆರೆದು ಇಂಟರ್‌ಫೆರಾನ್-ಬೀಟಾ ಎಂಬ ಇನ್ನೊಂದು ಸಂದೇಶ ಪ್ರೋಟೀನ್ ತಯಾರಾಗುತ್ತಿತ್ತು. ಇಲ್ಲಿ ಆ ಕವಲು ಟಿಎಲ್‌ಆರ್4ರಿಂದ ತೆರೆಯುವುದಿಲ್ಲ.

ರಿಪೋರ್ಟಿನ ಅಂಕಿಗಳ ಹಿಂದೆ

ಈಗ ಆ ರೋಗಿಯ ರಿಪೋರ್ಟನ್ನು ಮತ್ತೆ ಓದಿ. ಸಿಆರ್‌ಪಿ 168 ಎಂದರೆ ಐಎಲ್-6 ಯಕೃತ್ತಿನ ಕೋಶಗಳನ್ನು ತಲುಪಿದೆ, ಅಲ್ಲಿ ಜ್ಯಾಕ್ ಕೈನೇಸುಗಳು ಸ್ಟ್ಯಾಟ್3ನ್ನು ಎಬ್ಬಿಸಿವೆ, ಸ್ಟ್ಯಾಟ್3 ಸಿಆರ್‌ಪಿ ಜೀನನ್ನು ಚಾಲೂ ಮಾಡಿದೆ ಎಂದರ್ಥ. ನ್ಯೂಟ್ರೊಫಿಲ್ ಶೇ. 86ಕ್ಕೆ ಏರಿದ್ದು ಇದೇ ಮಾರ್ಗದ ಸಂದೇಶಗಳು ಅಸ್ಥಿಮಜ್ಜೆಯನ್ನು ಮುಟ್ಟಿದ್ದರಿಂದ. ಜ್ವರ ಬಂದದ್ದು ಐಎಲ್-1, ಟಿಎನ್‌ಎಫ್, ಐಎಲ್-6 ಮಿದುಳಿನ ರಕ್ತನಾಳಗಳ ಕೋಶಗಳಲ್ಲಿ ಕಾಕ್ಸ್-2 ಎಂಬ ಎಂಜೈಮನ್ನು ಹೆಚ್ಚಿಸಿ, ಅದು ಪ್ರೊಸ್ಟಾಗ್ಲಾಂಡಿನ್-ಇ2 ತಯಾರಿಸಿ, ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ದೇಹದ ಉಷ್ಣತೆಯ ಮಟ್ಟವನ್ನು ಮೇಲಕ್ಕೆ ಇಟ್ಟದ್ದರಿಂದ.

ಪ್ಯಾರಾಸಿಟಮಾಲ್ ಈ ಕೊನೆಯ ಮೆಟ್ಟಿಲಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮೊದಲೆರಡು ದಿನ ಮಾತ್ರೆ ನುಂಗಿದಾಗ ಜ್ವರ ಬಿಟ್ಟು ಮತ್ತೆ ಬಂದದ್ದು ಅದಕ್ಕೇ, ಮೇಲಿನ ಇಡೀ ಮಾರ್ಗ ಹಾಗೆಯೇ ಹರಿಯುತ್ತಿತ್ತು. ಡೈಕ್ಲೊಫೆನಾಕ್ ವಿಷಯ ಇನ್ನೂ ಗಂಭೀರ. ಅದು ಕಾಕ್ಸ್ ಎಂಜೈಮನ್ನು ದೇಹದ ಎಲ್ಲ ಕಡೆ ತಡೆಯುತ್ತದೆ. ನೀರಿನಂಶ ಕಡಿಮೆಯಾಗಿ ಬಳಲಿದ ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ಕಾಪಾಡುವುದೂ ಪ್ರೊಸ್ಟಾಗ್ಲಾಂಡಿನ್‌ಗಳೇ. ಲೆಪ್ಟೊಸ್ಪೈರಾ ಮೂತ್ರಪಿಂಡವನ್ನೇ ಗುರಿ ಮಾಡಿದಾಗ ಆ ಆಸರೆಯನ್ನೂ ಕಿತ್ತುಕೊಂಡರೆ ಕ್ರಿಯಾಟಿನಿನ್ ಏರದೆ ಇನ್ನೇನು? ಮಳೆಗಾಲದ ಜ್ವರದಲ್ಲಿ ಮೈಕೈ ನೋವಿಗೆಂದು ಡೈಕ್ಲೊಫೆನಾಕ್ ತೆಗೆದುಕೊಳ್ಳಬೇಡಿ. ಡೆಂಗಿಯಲ್ಲೂ ಅದು ಅಪಾಯ.

ಪೊಟ್ಯಾಸಿಯಂ 3.1 ಕೂಡ ಒಂದು ಸುಳಿವು. ಸಾಮಾನ್ಯವಾಗಿ ಮೂತ್ರಪಿಂಡ ಸೋತಾಗ ಪೊಟ್ಯಾಸಿಯಂ ಏರುತ್ತದೆ. ಇಲಿಜ್ವರದಲ್ಲಿ ಅನೇಕರಿಗೆ ಅದು ಇಳಿಯುತ್ತದೆ, ಮೂತ್ರವೂ ತಕ್ಕಮಟ್ಟಿಗೆ ಹೋಗುತ್ತಲೇ ಇರುತ್ತದೆ. ಮೂತ್ರಪಿಂಡದ ಮೊದಲ ನಳಿಕೆಗಳು ಸೋಡಿಯಂ ಹೀರುವುದನ್ನು ಬಿಟ್ಟಾಗ ಅದು ಮುಂದಕ್ಕೆ ಹರಿದು, ಕೊನೆಯ ನಳಿಕೆಗಳಲ್ಲಿ ಪೊಟ್ಯಾಸಿಯಂ ಸೋರಿ ಹೋಗುತ್ತದೆ. ಲೆಪ್ಟೊಸ್ಪೈರಾದ ಗ್ಲೈಕೊಲಿಪೊಪ್ರೋಟೀನ್ ಅಂಶವೊಂದು ಕೋಶಗಳ ಸೋಡಿಯಂ-ಪೊಟ್ಯಾಸಿಯಂ ಪಂಪನ್ನೇ ತಡೆಯುತ್ತದೆ ಎಂಬುದೂ ಗೊತ್ತಿದೆ. ಆ ಪಂಪಿಗೂ ಸಹಜ ಪ್ರತಿರೋಧಕ್ಕೂ ನೇರ ಸಂಬಂಧವಿದೆ. ಎನ್‌ಎಫ್-ಕಪ್ಪಾ-ಬಿ ತಯಾರಿಸುವ ಐಎಲ್-1-ಬೀಟಾ ಕಚ್ಚಾ ರೂಪದ್ದು. ಅದನ್ನು ಕತ್ತರಿಸಿ ಹೊರಗೆ ಕಳುಹಿಸಲು ಎರಡನೇ ಸಂಕೇತ ಬೇಕು. ಕೋಶದ ಒಳಗೆ ಪೊಟ್ಯಾಸಿಯಂ ಇಳಿದಾಗ ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನುಗಳು ಗುಂಪುಗೂಡಿ ಇನ್‌ಫ್ಲಮಸೋಮ್ ಎಂಬ ರಚನೆಯಾಗುತ್ತದೆ, ಅಲ್ಲಿ ಕ್ಯಾಸ್ಪೇಸ್-1 ಕತ್ತರಿಯಾಗಿ ಕೆಲಸ ಮಾಡುತ್ತದೆ. ಪಂಪನ್ನು ತಡೆದ ಲೆಪ್ಟೊಸ್ಪೈರಾ ಮ್ಯಾಕ್ರೊಫೇಜ್‌ನಲ್ಲಿ ಈ ಎರಡನೇ ಸಂಕೇತವನ್ನು ತಾನೇ ಕೊಟ್ಟಂತಾಗುತ್ತದೆ ಎಂದು ಸುಂಡಿಲಿಯ ಕೋಶಗಳಲ್ಲಿ ತೋರಿಸಿದ್ದಾರೆ. ಎರಡು ಸಂಕೇತ ಕೂಡದೆ ಐಎಲ್-1-ಬೀಟಾ ಹೊರಬರದಂತೆ ಇರುವ ಏರ್ಪಾಡು ಸುಮ್ಮನೆ ಇರುವುದಲ್ಲ, ಅಷ್ಟು ಬಲವಾದ ವಸ್ತು ಅದು.

ಕಾಮಾಲೆಯ ಬಗ್ಗೆ ಒಂದೇ ಮಾತು: ಬಿಲಿರುಬಿನ್ ಏರಿಯೂ ಎಂಜೈಮುಗಳು ಅಷ್ಟಾಗಿ ಏರದಿರುವುದು ಯಕೃತ್ತಿನ ಕೋಶಗಳು ದೊಡ್ಡ ಪ್ರಮಾಣದಲ್ಲಿ ಸತ್ತಿಲ್ಲ, ಅವುಗಳ ನಡುವಿನ ಬಿಗಿತ ಸಡಿಲವಾಗಿ ಪಿತ್ತ ರಕ್ತಕ್ಕೆ ಸೋರುತ್ತಿದೆ ಎಂಬುದರ ಗುರುತು.

ಮಧ್ಯಾಹ್ನದ ನಡುಕ

ನಡುಕ ಶುರುವಾದಾಗ ರೋಗಿಯ ತಮ್ಮ ಮಂಚದ ಹತ್ತಿರವೇ ಇದ್ದರು. "ಡಾಕ್ಟ್ರೇ, ಅಣ್ಣ ಬೆಳಿಗ್ಗೆ ಮಾತಾಡ್ತಾ ಇದ್ದದ್ದು ಉಂಟಲ್ಲ. ಆ ಇಂಜೆಕ್ಷನ್ ಕೊಟ್ಟದ್ದೇ ಕೊಟ್ಟದ್ದು, ಹೀಗೆ ನಡುಗ್ಲಿಕ್ಕೆ ಶುರು. ಇನ್ನು ಅದು ಬೇಡ. ನಾವು ಬೇರೆ ಕಡೆ ಕರ್ಕೊಂಡು ಹೋಗ್ತೇವೆ" ಎಂದರು. ಅವರು ಕಂಡದ್ದು ನಿಜ, ಕ್ರಮವೂ ನಿಜ. ಇಂಜೆಕ್ಷನ್ ಮೊದಲು, ನಡುಕ ಆಮೇಲೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಹೇಳುತ್ತಿದ್ದರು.

ನಮ್ಮ ಮುಂದೆ ಮೂರು ಸಾಧ್ಯತೆಗಳಿದ್ದವು. ಪೆನಿಸಿಲಿನ್ ಅಲರ್ಜಿ ಮೊದಲನೆಯದು. ಅಂಥ ತೀವ್ರ ಅಲರ್ಜಿ ಸಾಮಾನ್ಯವಾಗಿ ನಿಮಿಷಗಳಲ್ಲಿ ಬರುತ್ತದೆ, ಮೈಯಲ್ಲಿ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ, ಮುಖ ಊದುತ್ತದೆ. ಇಲ್ಲಿ ಮೂರು ಗಂಟೆಗೂ ಮೀರಿದ ಅಂತರ ಇತ್ತು, ದದ್ದಿಲ್ಲ, ಎದೆಯಲ್ಲಿ ಸೀಟಿ ಸದ್ದಿಲ್ಲ. ಎರಡನೆಯದು, ರೋಗವೇ ಉಲ್ಬಣಿಸಿ ಆಘಾತ ಸ್ಥಿತಿಗೆ ಹೋಗುತ್ತಿರುವುದು. ಇದನ್ನು ಅಂದು ಮಧ್ಯಾಹ್ನ ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಇಲಿಜ್ವರದಲ್ಲಿ ಶ್ವಾಸಕೋಶದೊಳಗೆ ರಕ್ತಸ್ರಾವವಾದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಹಾಗಾಗಿ ಆಮ್ಲಜನಕದ ಮಟ್ಟ, ಉಸಿರಾಟದ ವೇಗ, ಕಫದಲ್ಲಿ ರಕ್ತ, ಮೂತ್ರದ ಪ್ರಮಾಣ ಇವುಗಳ ಮೇಲೆ ನರ್ಸ್‌ಗಳು ಕಣ್ಣಿಟ್ಟರು.

ಮೂರನೆಯದು ಯಾರಿಶ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ. 1895ರಲ್ಲಿ ಯಾರಿಶ್, 1902ರಲ್ಲಿ ಹರ್ಕ್ಸ್‌ಹೈಮರ್ ಇದನ್ನು ಸಿಫಿಲಿಸ್ ರೋಗಿಗಳಲ್ಲಿ ಕಂಡು ಬರೆದರು. ಆಗ ಚಿಕಿತ್ಸೆ ಪಾದರಸದ್ದು, ಪೆನಿಸಿಲಿನ್ ಇನ್ನೂ ಇರಲಿಲ್ಲ. ಮದ್ದು ಯಾವುದೇ ಇರಲಿ, ಸುರುಳಿಯಾಕಾರದ ಬ್ಯಾಕ್ಟೀರಿಯಾ (ಲೆಪ್ಟೊಸ್ಪೈರಾವೂ ಅಂಥದ್ದೇ) ಒಟ್ಟಿಗೆ ಸತ್ತಾಗ ಕೆಲವೇ ಗಂಟೆಗಳಲ್ಲಿ ಜ್ವರ, ನಡುಕ ಏರಿ, ಬಿಪಿ ಇಳಿದು, ಸಾಮಾನ್ಯವಾಗಿ ಒಂದು ದಿನದೊಳಗೆ ಇದು ಶಮನವಾಗುತ್ತದೆ.

ಮೇಲೆ ಹೇಳಿದ ಮಾರ್ಗವನ್ನು ನೆನಪಿಟ್ಟರೆ ಇದು ಒಗಟಾಗಿ ಉಳಿಯುವುದಿಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸ ನಿಲ್ಲಿಸುತ್ತದೆ, ಅದು ಒಡೆಯುತ್ತದೆ. ಅಲ್ಲಿಯ ತನಕ ಇಡಿಯಾಗಿ ಈಜುತ್ತಿದ್ದ ರೋಗಾಣುವಿನ ಲಿಪೊಪ್ರೋಟೀನುಗಳು ಚೂರುಚೂರಾಗಿ ರಕ್ತಕ್ಕೆ ಬೀಳುತ್ತವೆ. ಟಿಎಲ್‌ಆರ್2ಕ್ಕೆ ಒಮ್ಮೆಲೇ ಅಷ್ಟೂ ಸಿಗುತ್ತದೆ. ಐ-ಕಪ್ಪಾ-ಬಿ ನಾಶವಾಗಲು ನಿಮಿಷಗಳು, ಟಿಎನ್‌ಎಫ್ ರಕ್ತದಲ್ಲಿ ಏರಲು ಒಂದೆರಡು ಗಂಟೆ, ಅದರಿಂದ ಪ್ರೊಸ್ಟಾಗ್ಲಾಂಡಿನ್ ಮತ್ತು ಜ್ವರ ಅದರ ಬೆನ್ನಿಗೆ. ರಕ್ತನಾಳದ ಗೋಡೆಯ ಕೋಶಗಳಲ್ಲಿ ಟಿಎನ್‌ಎಫ್ ಮತ್ತೆ ಎನ್‌ಎಫ್-ಕಪ್ಪಾ-ಬಿಯನ್ನು ಎಬ್ಬಿಸಿದಾಗ ನಾಳಗಳು ಹಿಗ್ಗಿ, ಸೋರಿ, ಬಿಪಿ ಇಳಿಯುತ್ತದೆ. ಗಡಿಯಾರದ ಲೆಕ್ಕ ನಮ್ಮ ರೋಗಿಯ ಮಧ್ಯಾಹ್ನಕ್ಕೆ ಸರಿಯಾಗಿ ಹೊಂದುತ್ತಿತ್ತು.

ಈ ವಿವರಣೆಗೆ ಗಟ್ಟಿ ಪುರಾವೆ ಬಂದದ್ದು ಇಥಿಯೋಪಿಯಾದಿಂದ, ಹೇನಿನಿಂದ ಹರಡುವ ಮರುಕಳಿಸುವ ಜ್ವರದಲ್ಲಿ. ಅದಕ್ಕೆ ಕಾರಣ ಬೊರೇಲಿಯಾ, ಲೆಪ್ಟೊಸ್ಪೈರಾದ ದೂರದ ಬಂಧು. ಪೆನಿಸಿಲಿನ್ ಕೊಟ್ಟ ಮೇಲೆ ಈ ಪ್ರತಿಕ್ರಿಯೆ ಬಂದವರ ರಕ್ತದಲ್ಲಿ ಟಿಎನ್‌ಎಫ್, ಐಎಲ್-6, ಐಎಲ್-8 ಏರಿದ್ದನ್ನು ಅಳೆದರು. 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಟಿಎನ್‌ಎಫ್ ವಿರುದ್ಧದ ಪ್ರತಿಕಾಯವನ್ನು ಮುಂಚಿತವಾಗಿ ಕೊಟ್ಟಾಗ ಪ್ರತಿಕ್ರಿಯೆ ಕಡಿಮೆಯಾಯಿತು. ಇಲಿಜ್ವರದಲ್ಲಿ ಇದು ಆ ರೋಗದಷ್ಟು ಸಾಮಾನ್ಯವಲ್ಲ, ಅದಕ್ಕೇ ಅನೇಕ ಕಡೆ ಇದನ್ನು ಮರೆಯುತ್ತಾರೆ.

ತಮ್ಮನಿಗೆ ನಾನು ಹೇಳಿದ್ದು ಇಷ್ಟು: "ಮದ್ದು ತಾಗಿದ್ದಕ್ಕೇ ಹೀಗಾಗ್ತಾ ಉಂಟು ಅಂತ ನನಗೆ ಕಾಣ್ತದೆ. ರೋಗಾಣು ಒಟ್ಟಿಗೆ ಸಾಯುವಾಗ ಮೈ ಹೀಗೆ ನಡುಗ್ತದೆ. ಆದರೆ ಬೇರೆ ಏನೂ ಅಲ್ಲ ಅಂತ ನೋಡ್ಬೇಕು, ಅದಕ್ಕೆ ನಾನು ಇಲ್ಲೇ ಇರ್ತೇನೆ. ಮದ್ದು ನಿಲ್ಲಿಸಿದ್ರೆ ಮಾತ್ರ ನಿಮ್ಮಣ್ಣನಿಗೆ ಕಷ್ಟ." ಅವರು ಒಪ್ಪಿದರು ಎನ್ನಲಾರೆ, ಸುಮ್ಮನಾದರು. ಅವರ ಅತ್ತಿಗೆ ಮಾತ್ರ "ನೀವು ಮಾಡಿ ಡಾಕ್ಟ್ರೇ" ಎಂದರು.

ಸಲೈನ್ ವೇಗವಾಗಿ ಹರಿಸಿದೆವು, ಪ್ಯಾರಾಸಿಟಮಾಲ್ ಕೊಟ್ಟೆವು, ಬಿಪಿ ಏರಿಸುವ ಮದ್ದನ್ನು ಸಿದ್ಧವಾಗಿಟ್ಟೆವು. ಅದು ಬೇಕಾಗಲಿಲ್ಲ. ಐದಕ್ಕೆ ಬಿಪಿ 98/60 ಆಗಿತ್ತು, ಎರಡನೇ ಡೋಸನ್ನು ಹೊತ್ತಿಗೆ ಸರಿಯಾಗಿ ಕೊಟ್ಟೆವು. ಮೊದಲ ಡೋಸಿನಲ್ಲೇ ರೋಗಾಣುಗಳ ಸಂಖ್ಯೆ ಕುಸಿದಿರುತ್ತದಾದ್ದರಿಂದ ಎರಡನೆಯದಕ್ಕೆ ಅದೇ ನಡುಕ ಮರುಕಳಿಸುವ ಸಂಭವ ಕಡಿಮೆ. ಮರುಕಳಿಸಲಿಲ್ಲ. ಬೆಳಿಗ್ಗೆ ಜ್ವರ 99.6.

ಸ್ಟಿರಾಯ್ಡ್ ಕೊಡಬಹುದಿತ್ತಲ್ಲ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಸ್ಟಿರಾಯ್ಡ್ ಎನ್‌ಎಫ್-ಕಪ್ಪಾ-ಬಿಯ ಕೆಲಸಕ್ಕೆ ಅಡ್ಡ ಬರುತ್ತದೆ ಎಂಬುದು ನಿಜ, ಕೇಳಬೇಕಾದ ಪ್ರಶ್ನೆಯೇ. ಆದರೆ ಗ್ರಾಹಕದಿಂದ ಟಿಎನ್‌ಎಫ್ ತನಕದ ಓಟ ಶುರುವಾಗಿ ಮುಗಿಯುತ್ತ ಬಂದ ಮೇಲೆ ಕೊಟ್ಟ ಸ್ಟಿರಾಯ್ಡ್ ಹಿಡಿಯುವುದು ಏನನ್ನು? ರೋಗಾಣು ಇನ್ನೂ ರಕ್ತದಲ್ಲಿರುವಾಗ ಪ್ರತಿರೋಧವನ್ನು ಒಟ್ಟಾರೆ ತಗ್ಗಿಸುವುದರ ಬೆಲೆ ಬೇರೆ. ಇಲಿಜ್ವರದಲ್ಲಿ ಸ್ಟಿರಾಯ್ಡಿನಿಂದ ಲಾಭವಿದೆ ಎನ್ನಲು ಗಟ್ಟಿ ಆಧಾರವೂ ಇಲ್ಲ. ನಾವು ಕೊಡಲಿಲ್ಲ.

ಆರುವ ಬಗೆ

ಮರುದಿನ ಬೆಳಿಗ್ಗೆ ರೋಗಿ ಗಂಜಿ ಕುಡಿದು ಕುಳಿತಿದ್ದರು, ಸಿಆರ್‌ಪಿ ಮಾತ್ರ 168ರಿಂದ 194ಕ್ಕೆ ಏರಿತ್ತು. ಮನೆಯವರು ಮತ್ತೆ ಗಾಬರಿಯಾದರು. ಐಎಲ್-6 ಏರಿ ಇಳಿಯುವುದು ಗಂಟೆಗಳಲ್ಲಿ. ಯಕೃತ್ತು ಸಿಆರ್‌ಪಿ ತಯಾರಿಸಿ ರಕ್ತಕ್ಕೆ ಬಿಡಲು ಇನ್ನಷ್ಟು ಗಂಟೆ ಬೇಕು, ಬಿಟ್ಟದ್ದು ಅರ್ಧಕ್ಕೆ ಇಳಿಯಲು ಸುಮಾರು 19 ಗಂಟೆ. ಹಾಗಾಗಿ ಬೆಳಗಿನ ಸಿಆರ್‌ಪಿ ತೋರಿಸುವುದು ಹಿಂದಿನ ದಿನದ ಸ್ಥಿತಿಯನ್ನು. ಅದರ ಮರುದಿನ ಅದು 121 ಆಯಿತು.

ಉರಿಯೂತ ತಾನಾಗಿ ಆರುವುದಿಲ್ಲ, ಅದನ್ನು ಆರಿಸುವ ಮಾರ್ಗಗಳೇ ಬೇರೆ ಇವೆ. ಎನ್‌ಎಫ್-ಕಪ್ಪಾ-ಬಿ ಚಾಲೂ ಮಾಡುವ ಜೀನುಗಳಲ್ಲಿ ಐ-ಕಪ್ಪಾ-ಬಿಯದ್ದೂ ಒಂದು. ಹೊಸದಾಗಿ ತಯಾರಾದ ತಡೆಪ್ರೋಟೀನ್ ನ್ಯೂಕ್ಲಿಯಸ್ ಹೊಕ್ಕು ಎನ್‌ಎಫ್-ಕಪ್ಪಾ-ಬಿಯನ್ನು ಡಿಎನ್‌ಎಯಿಂದ ಬಿಡಿಸಿ ಹೊರಗೆ ಎಳೆದು ತರುತ್ತದೆ. ಎ20 ಎಂಬ ಇನ್ನೊಂದು ಪ್ರೋಟೀನ್ ಟ್ರಾಫ್6 ಕಟ್ಟಿದ ಯುಬಿಕ್ವಿಟಿನ್ ಸಂಕೇತವನ್ನು ಕಳಚುತ್ತದೆ. ಎ20ರ ಜೀನನ್ನು ಎಬ್ಬಿಸುವುದೂ ಎನ್‌ಎಫ್-ಕಪ್ಪಾ-ಬಿಯೇ. ಎ20 ಇಲ್ಲದೆ ಹುಟ್ಟಿದ ಸುಂಡಿಲಿಗಳು ದೇಹವಿಡೀ ಉರಿಯೂತ ಹಬ್ಬಿ ಎಳೆವಯಸ್ಸಿನಲ್ಲೇ ಸಾಯುತ್ತವೆ.

ನನಗೆ ಎಲ್ಲಕ್ಕಿಂತ ಸೂಕ್ಷ್ಮ ಅನಿಸುವುದು ಸ್ಟ್ಯಾಟ್3ರ ವ್ಯವಹಾರ. ಉರಿಯೂತ ಹೆಚ್ಚಿಸುವ ಐಎಲ್-6 ಸ್ಟ್ಯಾಟ್3 ಮೂಲಕ ಕೆಲಸ ಮಾಡುತ್ತದೆ. ಉರಿಯೂತ ಇಳಿಸುವ ಐಎಲ್-10 ಕೂಡ ಅದೇ ಸ್ಟ್ಯಾಟ್3 ಮೂಲಕ. ಪರಿಣಾಮ ಬೇರೆಯಾಗಲು ಒಂದು ಮುಖ್ಯ ಕಾರಣ ಸಾಕ್ಸ್3 ಎಂಬ ತಡೆ. ಅದು ಐಎಲ್-6ರ ಗ್ರಾಹಕಕ್ಕೆ ಅಂಟಿ ಅದನ್ನು ಬೇಗ ನಿಲ್ಲಿಸುತ್ತದೆ, ಐಎಲ್-10ರ ಗ್ರಾಹಕಕ್ಕೆ ಅಂಟುವುದಿಲ್ಲ. ಹಾಗಾಗಿ ಐಎಲ್-6ರಿಂದ ಸ್ಟ್ಯಾಟ್3 ಸ್ವಲ್ಪ ಹೊತ್ತು ಎದ್ದು ಮಲಗುತ್ತದೆ, ಐಎಲ್-10ರಿಂದ ಬಹಳ ಹೊತ್ತು ಎದ್ದೇ ಇರುತ್ತದೆ. ಸಂಕೇತ ಯಾವುದು ಎಂಬುದರಷ್ಟೇ ಅದು ಎಷ್ಟು ಹೊತ್ತು ಉಳಿಯಿತು ಎಂಬುದೂ ಕೋಶಕ್ಕೆ ಮುಖ್ಯ. ತೀವ್ರ ಇಲಿಜ್ವರದಲ್ಲಿ ಐಎಲ್-6 ಮತ್ತು ಐಎಲ್-10 ಎರಡೂ ಹೆಚ್ಚಿರುವುದನ್ನು ಅಧ್ಯಯನಗಳು ಕಂಡಿವೆ, ಏರಿಸುವುದೂ ಆರಿಸುವುದೂ ಒಟ್ಟಿಗೆ ಎಳೆದಾಡುತ್ತಿರುತ್ತವೆ. ಒಂದನ್ನೇ ಮದ್ದು ಕೊಟ್ಟು ತಡೆದರೆ ರೋಗ ಗುಣವಾಗುತ್ತದೆ ಎಂಬ ಆಸೆಗೆ ಅದಕ್ಕೇ ನಾನು ಸುಲಭವಾಗಿ ಒಪ್ಪುವುದಿಲ್ಲ.

ಮುಂದಿನ ದಿನಗಳು

ಕ್ರಿಯಾಟಿನಿನ್ ಎರಡನೇ ದಿನ 2.9ಕ್ಕೆ ಏರಿ ಆಮೇಲೆ ಇಳಿಯಿತು. ಡಯಾಲಿಸಿಸ್ ಬೇಕಾಗಲಿಲ್ಲ. ಪೊಟ್ಯಾಸಿಯಂ ಕೊಟ್ಟು ಸರಿಪಡಿಸಿದೆವು. ಜ್ವರದ ಒಂಬತ್ತನೇ ದಿನ ಮತ್ತೆ ಮಾಡಿದ ಐಜಿಎಂ ಪಾಸಿಟಿವ್ ಬಂತು. ಏಳು ದಿನದ ಪೆನಿಸಿಲಿನ್ ಮುಗಿದಾಗ ಸಿಆರ್‌ಪಿ 18, ಕ್ರಿಯಾಟಿನಿನ್ 1.3, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿತ್ತು.

ಮನೆಯ ಉಳಿದವರು ಅದೇ ಗದ್ದೆಯಲ್ಲಿ ಕೆಲಸ ಮಾಡುವವರು. ಗಂಬೂಟು ಹಾಕಿ ಎಂದು ಹೇಳುವುದು ಸುಲಭ, ನೇಜಿ ನೆಡುವ ಕೆಸರಿನಲ್ಲಿ ಗಂಬೂಟು ಹೂತುಕೊಳ್ಳುತ್ತದೆ, ಕೆಲಸ ಸಾಗುವುದಿಲ್ಲ. ಅದು ಗೊತ್ತಿದ್ದೂ ಅದೊಂದನ್ನೇ ಹೇಳಿ ಕಳುಹಿಸುವುದು ನನಗೆ ಸರಿ ಕಾಣುವುದಿಲ್ಲ. ಕೆಸರಿನ ಕೆಲಸ ಇರುವಷ್ಟು ವಾರ, ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಊಟದ ನಂತರ ತೆಗೆದುಕೊಳ್ಳಲು ತಮ್ಮನಿಗೂ ಹೆಂಡತಿಗೂ ಬರೆದುಕೊಟ್ಟೆ. ಕೇರಳದಲ್ಲಿ ಸರಕಾರವೇ ಮಳೆಗಾಲದಲ್ಲಿ ಇಂಥ ಅಪಾಯವಿರುವವರಿಗೆ ಇದನ್ನು ಕೊಡುತ್ತದೆ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಇದು ಆಗದು, ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಂತಿಲ್ಲ. ಕಾಲಿನ ಬಿರುಕಿಗೆ ನೀರು ತಾಗದ ಪಟ್ಟಿ, ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕಾಲು ತೊಳೆಯುವುದು, ಹಟ್ಟಿ ತೊಳೆದ ನೀರು ಗದ್ದೆಗೆ ಇಳಿಯದಂತೆ ನೋಡಿಕೊಳ್ಳುವುದು, ಇವನ್ನೂ ಹೇಳಿದೆ.

ರೋಗಿಗೆ ಹೇಳಿದ ಕೊನೆಯ ವಿಷಯ ಕಣ್ಣಿನದ್ದು. ಇಲಿಜ್ವರ ವಾಸಿಯಾಗಿ ಕೆಲವು ತಿಂಗಳ ಮೇಲೆ, ರಕ್ತದಲ್ಲಿ ರೋಗಾಣು ಇಲ್ಲದಿದ್ದರೂ, ಕಣ್ಣಿನ ಒಳಪದರದಲ್ಲಿ ಉರಿಯೂತ ಕಾಣಿಸಿಕೊಳ್ಳಬಹುದು. ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಂಜಾದರೆ ಮೆಡಿಕಲ್‌ನಿಂದ ಡ್ರಾಪ್ಸ್ ತಂದು ಹಾಕಿಕೊಳ್ಳದೆ ಕಣ್ಣಿನ ವೈದ್ಯರ ಹತ್ತಿರ ಹೋಗಿ, ಇಲಿಜ್ವರ ಬಂದಿತ್ತು ಎಂದು ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲೂ ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದೇನೆ. ಕ್ರಿಯಾಟಿನಿನ್ ಪರೀಕ್ಷೆಗೆ ಎರಡು ವಾರ ಬಿಟ್ಟು ಬರಲು ಹೇಳಿದ್ದೆವು, ಬಂದರು, 1.0 ಇತ್ತು.